ಛಾಯಾಚಿತ್ರದ ಸಾಕ್ಷ್ಯಕ್ಕೆ ಸಾಕ್ಷಿ ಯಾರು?

ಹಂಪಿಯ ವಿಜಯ ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ಕಾಣದ ಕನ್ನಡಿಗರು ವಿರಳ. ಅಲ್ಲಿಗೆ ಹೋಗಲಾಗದವರೂ 2017ರಲ್ಲಿ ಚಲಾವಣೆಗೆ ಬಂದ ಐವತ್ತು ರೂಪಾಯಿಯ ನೋಟಿನ ಹಿಂಬದಿಯಲ್ಲಿ ಅದನ್ನು ನೋಡಿರುತ್ತಾರೆ. ನಮಗೆ ಪರಿಚಿತವಾದ ಈ ರಥದ ನೆತ್ತಿ ಬೋಳು. ಆದರೆ 1856ರಲ್ಲಿ ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಛಾಯಾಚಿತ್ರದಲ್ಲಿ ಅದೇ ರಥದ ಮೇಲೆ ಇಟ್ಟಿಗೆಯ ಶಿಖರವೊಂದು ನಿಂತಿದೆ. ಹತ್ತೊಂಬತ್ತನೆಯ ಶತಮಾನ ಮುಗಿಯುವುದರೊಳಗೆ ಅದನ್ನು ಇಳಿಸಲಾಯಿತು. ಮೇಣ ಸವರಿದ ಕಾಗದದ ದೊಡ್ಡ ನೆಗೆಟಿವ್‌ಗಳಲ್ಲಿ ಗ್ರೀನ್‌ಲಾ ಹಂಪಿಯನ್ನು ಹಿಡಿದಿಟ್ಟ. ಅವು ಹೇಗೋ ಉಳಿದುಕೊಂಡವು. 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅದೇ ಸ್ಥಳಗಳಲ್ಲಿ ನಿಂತು ಅವೇ ಕೋನಗಳಿಂದ ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಯಾವ ಕಂಬ ಉರುಳಿತು, ಯಾವ ಗೋಪುರ ಕುಸಿಯಿತು, ಯಾವುದನ್ನು ಮತ್ತೆ ಕಟ್ಟಿ ನಿಲ್ಲಿಸಲಾಯಿತು ಎಂಬುದು ಕಣ್ಣಿಗೆ ಹೊಡೆದಂತೆ ಕಾಣುತ್ತದೆ.

ಗ್ರೀನ್‌ಲಾನ ಚಿತ್ರವನ್ನು ಏನೆಂದು ಕರೆಯೋಣ? ಬೆಳಕು ನೆರಳಿನ ಹದ ಬಲ್ಲವರು ಕಲಾಕೃತಿ ಎನ್ನುತ್ತಾರೆ. ಪುರಾತತ್ತ್ವಜ್ಞರಿಗೆ ಅದು ದಾಖಲೆ, ಪತ್ರಿಕೆಗೆ ಸುದ್ದಿ, ಪ್ರಕಾಶಕರಿಗೆ ಸರಕು. ಛಾಯಾಗ್ರಹಣದ ಪಾತ್ರವನ್ನು ಕಲೆ, ವಿಜ್ಞಾನ, ಪತ್ರಿಕೋದ್ಯಮ, ವ್ಯಾಪಾರ ಎಂದು ಬೇರೆ ಬೇರೆ ಅಧ್ಯಾಯಗಳಾಗಿ ವಿವರಿಸುವುದು ರೂಢಿ. ಮೂರು ದಶಕಗಳಿಗೂ ಹೆಚ್ಚು ಕಾಲ ಸರ್ಕಾರಿ ಕಡತಗಳ ನಡುವೆ ಕಳೆದ ನನಗೆ ಇವೆಲ್ಲದರ ತಳದಲ್ಲಿ ಒಂದೇ ಪ್ರಶ್ನೆ ಕಾಣುತ್ತದೆ. ಒಂದು ಚಿತ್ರವನ್ನು ನಾವು ಯಾವ ಆಧಾರದ ಮೇಲೆ ನಂಬುತ್ತೇವೆ? ನಂಬಿಕೆ ಮಸೂರದೊಳಗೆ ಹುಟ್ಟುವುದಿಲ್ಲ. ಯಾರು ತೆಗೆದರು, ಯಾವಾಗ ತೆಗೆದರು, ಮೂಲಪ್ರತಿ ಯಾರ ವಶದಲ್ಲಿದೆ, ಅದನ್ನು ಪರೀಕ್ಷಿಸಿದವರು ಯಾರು ಎಂಬ ಏರ್ಪಾಟಿನಲ್ಲಿ ಹುಟ್ಟುತ್ತದೆ. ಆ ಏರ್ಪಾಟಿಗೆ ಖರ್ಚು ತಗಲುತ್ತದೆ. ಚಿತ್ರ ತೆಗೆಯುವ ವೆಚ್ಚ ಶೂನ್ಯಕ್ಕೆ ಇಳಿದಿರುವ ಈ ಕಾಲದಲ್ಲಿ ಆ ಎರಡನೆಯ ವೆಚ್ಚವನ್ನು ಭರಿಸಲು ಯಾರೂ ಮುಂದೆ ಬರುತ್ತಿಲ್ಲ ಎಂಬುದೇ ನನ್ನ ಆತಂಕ.

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಛಾಯಾಗ್ರಹಣದ ಹುಟ್ಟು ಕೂಡ ಒಂದು ಪಾಠವೇ. 1839ರಲ್ಲಿ ಫ್ರಾನ್ಸ್ ಸರ್ಕಾರ ಲೂಯಿ ದಾಗೆರ್‌ನ ಆವಿಷ್ಕಾರವನ್ನು ಖರೀದಿಸಿತು. ದಾಗೆರ್‌ಗೆ ವರ್ಷಕ್ಕೆ 6,000 ಫ್ರಾಂಕ್, ಅವನ ಸಹಭಾಗಿಯಾಗಿದ್ದ ದಿವಂಗತ ನಿಯೆಪ್ಸ್‌ನ ಮಗನಿಗೆ 4,000 ಫ್ರಾಂಕ್ ಪಿಂಚಣಿ ಗೊತ್ತುಮಾಡಿ, ಆಗಸ್ಟ್ 19ರಂದು ತಂತ್ರವನ್ನು ಇಡೀ ಜಗತ್ತಿಗೆ ಉಚಿತವೆಂದು ಬಹಿರಂಗಪಡಿಸಿತು. ಅದಕ್ಕೆ ಐದು ದಿನ ಮೊದಲು ದಾಗೆರ್‌ನ ಪರವಾಗಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆಯಲಾಗಿತ್ತು ಎಂಬುದು ಬೇರೆ ಮಾತು, ಉದಾರತೆಗೂ ಗಡಿಗಳಿರುತ್ತವೆ. ನೊಬೆಲ್ ಪುರಸ್ಕೃತ ಅರ್ಥಶಾಸ್ತ್ರಜ್ಞ ಮೈಕೆಲ್ ಕ್ರೆಮರ್, ಸರ್ಕಾರ ಪೇಟೆಂಟ್‌ಗಳನ್ನು ಕೊಂಡು ಸಾರ್ವಜನಿಕರಿಗೆ ಬಿಟ್ಟುಕೊಡಬಹುದೆಂದು 1998ರಲ್ಲಿ ವಾದಿಸುವಾಗ ಇದೇ ನಿದರ್ಶನವನ್ನು ಮುಂದಿಟ್ಟರು. ತಂತ್ರಜ್ಞಾನ ಸಾರ್ವಜನಿಕ ಸ್ವತ್ತಾದರೆ ಎಷ್ಟು ಬೇಗ ಹರಡುತ್ತದೆ ಎಂಬುದಕ್ಕೆ ನಮ್ಮ ದೇಶವೇ ಸಾಕ್ಷಿ. 1854ರಿಂದ 1856ರೊಳಗೆ ಮುಂಬೈ, ಕೋಲ್ಕತ್ತ, ಮದ್ರಾಸುಗಳಲ್ಲಿ ಛಾಯಾಗ್ರಾಹಕರ ಸಂಘಗಳು ಹುಟ್ಟಿಕೊಂಡಿದ್ದವು.

ಚಿತ್ರವೊಂದು ಆಡಳಿತವನ್ನು ಅಲುಗಾಡಿಸಿದ ನಿದರ್ಶನ ಬೇಕಿದ್ದರೆ 1943ರ ಬಂಗಾಳಕ್ಕೆ ಹೋಗಬೇಕು. ಅದು ಯುದ್ಧದ ಕಾಲ. ಹಳ್ಳಿಗಳಿಂದ ಕೋಲ್ಕತ್ತದ ಬೀದಿಗಳಿಗೆ ಬಂದ ಜನ ಅಲ್ಲಿಯೇ ಸಾಯುತ್ತಿದ್ದರು. ಸರ್ಕಾರ ಅದನ್ನು ಕ್ಷಾಮವೆಂದು ಘೋಷಿಸಲೇ ಇಲ್ಲ. ಘೋಷಿಸಿದ್ದರೆ ಕ್ಷಾಮ ಸಂಹಿತೆಯ ಪ್ರಕಾರ ಪರಿಹಾರ ಕಾರ್ಯಗಳನ್ನು ಕೈಗೊಳ್ಳಬೇಕಾಗುತ್ತಿತ್ತು. ಪತ್ರಿಕೆಗಳ ಮೇಲೆ ಸೆನ್ಸಾರ್ ಇತ್ತು. ಬ್ರಿಟಿಷರ ಒಡೆತನದ ‘ದಿ ಸ್ಟೇಟ್ಸ್‌ಮನ್’ ಪತ್ರಿಕೆಯ ಸಂಪಾದಕ ಇಯಾನ್ ಸ್ಟೀಫನ್ಸ್ ಆ ವರ್ಷದ ಆಗಸ್ಟ್ 22ರಂದು ಬೀದಿಯ ಹಸಿದ ದೇಹಗಳ ಛಾಯಾಚಿತ್ರಗಳನ್ನು ಪ್ರಕಟಿಸಿದರು. ಅಕ್ಷರಗಳನ್ನು ತಡೆಯಲು ನಿಯಮಗಳಿದ್ದವು. ಚಿತ್ರಗಳ ಬಗ್ಗೆ ಆ ನಿಯಮಗಳನ್ನು ಬರೆದವರು ಯೋಚಿಸಿರಲಿಲ್ಲ. ದೆಹಲಿ, ಲಂಡನ್ನುಗಳಲ್ಲಿ ಅಲ್ಲಿಯವರೆಗೆ ಸಾಧ್ಯವಾಗಿದ್ದ ಜಾಣ ಅಜ್ಞಾನ ಆ ಚಿತ್ರಗಳು ಬಂದ ಮೇಲೆ ಸಾಧ್ಯವಾಗಲಿಲ್ಲ. ಆ ಹೊತ್ತಿಗೆ ತಡವಾಗಿತ್ತು. ಅಮರ್ತ್ಯ ಸೇನ್ ಅವರ ಅಂದಾಜಿನಂತೆ ಆ ಕ್ಷಾಮದಲ್ಲಿ ಸತ್ತವರು ಸುಮಾರು 30 ಲಕ್ಷ. ಸ್ವತಂತ್ರ ಪತ್ರಿಕೆಗಳಿರುವ ಪ್ರಜಾಪ್ರಭುತ್ವದಲ್ಲಿ ಮಹಾಕ್ಷಾಮ ಸಂಭವಿಸುವುದಿಲ್ಲ ಎಂಬ ಸೇನ್ ಅವರ ಪ್ರಸಿದ್ಧ ವಾದದ ಹಿಂದೆ ಬಾಲ್ಯದಲ್ಲಿ ಅವರು ಕಣ್ಣಾರೆ ಕಂಡ ಈ ದುರಂತವಿದೆ.

ಸ್ಟೇಟ್ಸ್‌ಮನ್ ಚಿತ್ರಗಳನ್ನು ಜನ ಏಕೆ ನಂಬಿದರು? ಪತ್ರಿಕೆಯೊಂದು ತನ್ನ ಹೆಸರನ್ನು ಪಣಕ್ಕಿಟ್ಟು ಅವನ್ನು ಪ್ರಕಟಿಸಿತ್ತು. ಸುಳ್ಳೆಂದು ಸಾಬೀತಾದರೆ ಕಳೆದುಕೊಳ್ಳಲು ಅದಕ್ಕೆ ಬಹಳವಿತ್ತು. ಇಂದು ಯಾರದೋ ಮೊಬೈಲಿನಿಂದ ನಮ್ಮ ಮೊಬೈಲಿಗೆ ಬಂದು ಬೀಳುವ ಚಿತ್ರದ ಹಿಂದೆ ಹಾಗೆ ಕಳೆದುಕೊಳ್ಳುವವರು ಯಾರೂ ಇಲ್ಲ.

ನಂಬಿಕೆಯ ಜೊತೆಗೆ ನ್ಯಾಯದ ಪ್ರಶ್ನೆಯೂ ಇದೆ. ಅಮೆರಿಕದ ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ಅಲ್ಲಿನ ಸರ್ಕಾರವೇ ರೈತರ ಬವಣೆಯನ್ನು ದಾಖಲಿಸಲು ಛಾಯಾಗ್ರಾಹಕರನ್ನು ನೇಮಿಸಿತ್ತು. ಆ ವಿಭಾಗದ ಮುಖ್ಯಸ್ಥ ರಾಯ್ ಸ್ಟ್ರೈಕರ್ ಅರ್ಥಶಾಸ್ತ್ರದ ಅಧ್ಯಾಪಕರಾಗಿದ್ದವರು ಎಂಬುದು ನನಗೆ ಸಣ್ಣ ಹೆಮ್ಮೆಯ ಸಂಗತಿ. 1936ರ ಮಾರ್ಚ್‌ನಲ್ಲಿ ಡೊರೊಥಿಯಾ ಲ್ಯಾಂಜ್ ಕ್ಯಾಲಿಫೋರ್ನಿಯಾದ ಬಟಾಣಿ ಕೀಳುವ ಕೂಲಿಗಳ ಬಿಡಾರದಲ್ಲಿ ತೆಗೆದ ‘ವಲಸೆ ತಾಯಿ’ಯ ಚಿತ್ರ ಜಗತ್ಪ್ರಸಿದ್ಧ. ಸುದ್ದಿ ಹೊರಬಿದ್ದ ಮೇಲೆ ಬಿಡಾರಕ್ಕೆ 20,000 ಪೌಂಡ್ ಆಹಾರ ಬಂತು. ಆ ತಾಯಿ ಅಷ್ಟರಲ್ಲಿ ಮಕ್ಕಳೊಂದಿಗೆ ಕೂಲಿ ಹುಡುಕಿಕೊಂಡು ಬೇರೆಡೆಗೆ ಹೊರಟುಹೋಗಿದ್ದಳು. ಅವಳ ಹೆಸರು ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಜಗತ್ತಿಗೆ ತಿಳಿದದ್ದು 1978ರಲ್ಲಿ. ಆ ಚಿತ್ರದಿಂದ ತನಗೇನೂ ದಕ್ಕಲಿಲ್ಲವೆಂಬ ಕಹಿ ಅವಳಲ್ಲಿ ಉಳಿದಿತ್ತು. ಫಲಾನುಭವಿಗಳ ಕೈಗೆ ಚೆಕ್ಕು ಕೊಡುವಾಗ ಕ್ಯಾಮೆರಾದತ್ತ ನೋಡುವಂತೆ ಹೇಳುವ ನಮ್ಮ ಸಮಾರಂಭಗಳಲ್ಲಿ ಕುಳಿತಾಗಲೆಲ್ಲ ನನಗೆ ಈ ಹೆಂಗಸಿನ ನೆನಪಾಗುತ್ತಿತ್ತು.

ವಿಜ್ಞಾನಕ್ಕೆ ಬರೋಣ. ಕೊಡೈಕೆನಾಲ್ ವೀಕ್ಷಣಾಲಯದಲ್ಲಿ 1904ರಿಂದ, ಮೋಡ ಕವಿಯದ ದಿನಗಳಲ್ಲೆಲ್ಲ, ಸೂರ್ಯನ ಛಾಯಾಚಿತ್ರ ತೆಗೆಯುತ್ತ ಬರಲಾಗಿದೆ. ಎರಡು ಮಹಾಯುದ್ಧಗಳು ಬಂದುಹೋದವು, ದೇಶ ಸ್ವತಂತ್ರವಾಯಿತು. ಆ ಕೆಲಸ ನಡೆದೇ ಇತ್ತು. ಜಾನ್ ಎವರ್‌ಶೆಡ್ 1909ರಲ್ಲಿ ಸೌರಕಲೆಗಳಲ್ಲಿ ಅನಿಲದ ಹರಿವನ್ನು ಗುರುತಿಸಿದ್ದು ಅಲ್ಲಿಯೇ. ಆ ಗಾಜಿನ ಫಲಕಗಳನ್ನೂ ಫಿಲ್ಮುಗಳನ್ನೂ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಡಿಜಿಟಲ್ ರೂಪಕ್ಕೆ ತಂದಿದೆ. ಹತ್ತಾರು ಸೌರಚಕ್ರಗಳನ್ನು ಹೋಲಿಸಿ ನೋಡುವ ಸಂಶೋಧಕರಿಗೆ ಅದು ಅಕ್ಷಯ ಭಂಡಾರ. ಅಂದು ಸಂಜೆ ಫಲಕದ ಅಂಚಿನಲ್ಲಿ ದಿನಾಂಕ ಬರೆದಿಟ್ಟ ಸಹಾಯಕನಿಗೆ ಅದರ ಬೆಲೆ ನೂರು ವರ್ಷದ ನಂತರ ಏನಾಗಬಹುದೆಂಬ ಕಲ್ಪನೆ ಇದ್ದಿರಲಾರದು. ಆದರೂ ಬರೆದಿಟ್ಟ.

ಇದಕ್ಕೆ ಎದುರಾದ ನೋವಿನ ಕಥೆಯೂ ಇದೆ. ಕೋಲ್ಕತ್ತದ ಬೋಸ್ ಸಂಸ್ಥೆಯ ಡಿ.ಎಂ. ಬೋಸ್ ಮತ್ತು ಬಿಭಾ ಚೌಧುರಿ ಡಾರ್ಜಿಲಿಂಗ್ ಕಡೆಯ ಎತ್ತರದ ಬೆಟ್ಟಗಳಲ್ಲಿ ಛಾಯಾಗ್ರಾಹಕ ಫಲಕಗಳನ್ನಿಟ್ಟು ವಿಶ್ವಕಿರಣಗಳ ಜಾಡು ಹಿಡಿದರು. ಎಲೆಕ್ಟ್ರಾನಿಗಿಂತ ಸುಮಾರು ಇನ್ನೂರು ಪಟ್ಟು ಭಾರದ ಕಣಗಳ ಗುರುತನ್ನು ಅವರು 1940ರ ದಶಕದ ಆರಂಭದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಇನ್ನೂ ಸೂಕ್ಷ್ಮವಾದ ಫಲಕಗಳು ಬೇಕಿದ್ದವು. ಯುದ್ಧದಿಂದಾಗಿ ಅವು ಭಾರತಕ್ಕೆ ಬರಲಿಲ್ಲ. ಅಂಥ ಸುಧಾರಿತ ಫಲಕಗಳನ್ನು ಬಳಸಿ ಬ್ರಿಟನ್ನಿನ ಸೆಸಿಲ್ ಪೊವೆಲ್ 1947ರಲ್ಲಿ ಪಯಾನ್ ಕಣವನ್ನು ಕಂಡುಹಿಡಿದರು. 1950ರಲ್ಲಿ ನೊಬೆಲ್ ಪಡೆದರು. ಅಂಗಡಿಯಲ್ಲಿ ಸಿಗದ ಒಂದು ಸರಕು ವಿಜ್ಞಾನದ ಚರಿತ್ರೆಯ ದಿಕ್ಕನ್ನು ಹೇಗೆ ಬದಲಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಆ ಕೊರತೆಯನ್ನು ತುಂಬಲೆಂದೇ ಸ್ವತಂತ್ರ ಭಾರತ 1960ರಲ್ಲಿ ಊಟಿಯಲ್ಲಿ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಸ್ಥಾಪಿಸಿತು. 1967ರಲ್ಲಿ ಉತ್ಪಾದನೆ ಆರಂಭವಾಯಿತು. ‘ಇಂದು’ ಎಂಬ ಹೆಸರಿನ ಆ ಕಪ್ಪುಬಿಳುಪು ಫಿಲ್ಮ್ ಸುರುಳಿ ನನ್ನ ತಲೆಮಾರಿನವರಿಗೆ ಚಿರಪರಿಚಿತ. ಆಸ್ಪತ್ರೆಗಳ ಕ್ಷ-ಕಿರಣ ಫಿಲ್ಮನ್ನೂ ಅದು ತಯಾರಿಸುತ್ತಿತ್ತು. ಜಗತ್ತು ಬಣ್ಣಕ್ಕೆ ಹೊರಳಿದಾಗಲೂ, ಅಲ್ಲಿಂದ ಡಿಜಿಟಲ್‌ಗೆ ಹೊರಳಿದಾಗಲೂ ಸಂಸ್ಥೆ ಹಿಂದೆ ಬಿತ್ತು. 1990ರ ದಶಕದಲ್ಲಿ ರೋಗಗ್ರಸ್ತವೆನಿಸಿ ಕೊನೆಗೆ ಬಾಗಿಲು ಹಾಕಿತು. ಸಾರ್ವಜನಿಕ ಉದ್ಯಮವಾದ್ದರಿಂದ ಹೀಗಾಯಿತು ಎಂದು ತೀರ್ಪು ಕೊಡುವವರು ಅಮೆರಿಕದ ಖಾಸಗಿ ದೈತ್ಯ ಕೊಡಾಕ್ ಕಡೆಗೂ ಒಮ್ಮೆ ನೋಡಬೇಕು. ಅಲ್ಲಿನ ಎಂಜಿನಿಯರ್ ಸ್ಟೀವನ್ ಸ್ಯಾಸನ್ 1975ರಲ್ಲೇ ಡಿಜಿಟಲ್ ಕ್ಯಾಮೆರಾದ ಮಾದರಿಯನ್ನು ನಿರ್ಮಿಸಿದ್ದರು. ಒಂದು ಚಿತ್ರ ದಾಖಲಾಗಲು ಅದು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಫಿಲ್ಮ್ ಮಾರಾಟದ ಲಾಭಕ್ಕೆ ಅಂಟಿಕೊಂಡಿದ್ದ ಕಂಪನಿ ಅದನ್ನು ಮುಂದಕ್ಕೆ ಒಯ್ಯಲು ಹಿಂಜರಿಯಿತು. 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಅದೇ ವರ್ಷ ಹದಿಮೂರು ಮಂದಿ ನೌಕರರಿದ್ದ ಇನ್‌ಸ್ಟಾಗ್ರಾಂ ನೂರು ಕೋಟಿ ಡಾಲರ್‌ಗೆ ಮಾರಾಟವಾಯಿತು. ಮೊದಲಿನದು ಚಿತ್ರ ತೆಗೆಯುವ ಸಾಮಗ್ರಿಯನ್ನು ಮಾರುತ್ತಿತ್ತು. ಎರಡನೆಯದು ಚಿತ್ರ ನೋಡುವವರ ಗಮನವನ್ನು ಮಾರುತ್ತದೆ. ಚಿತ್ರ ನಿಜವೋ ಸುಳ್ಳೋ ಎಂಬುದರಿಂದ ಎರಡನೆಯ ವ್ಯಾಪಾರಕ್ಕೆ ಲಾಭ ನಷ್ಟ ಹೆಚ್ಚೇನೂ ಇಲ್ಲ.

ಕಲೆಯ ಬಗ್ಗೆ ತೀರ್ಪು ಕೊಡುವ ಅಧಿಕಾರ ನನಗಿಲ್ಲ. ಮೈಸೂರಿನ ಟಿ.ಎಸ್. ಸತ್ಯನ್ ಅವರ ಚಿತ್ರಗಳ ಮುಂದೆ ನಿಂತಾಗ ಕಲೆ ಮತ್ತು ಸಾಕ್ಷ್ಯ ಬೇರೆಬೇರೆಯಲ್ಲ ಎನಿಸಿದೆ ಎಂದಷ್ಟೇ ಹೇಳಬಲ್ಲೆ. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶನಗೊಂಡ ಅವರ ಮಕ್ಕಳ ಚಿತ್ರಗಳಲ್ಲಿ ಬಡತನವಿದೆ, ದೈನ್ಯವಿಲ್ಲ. ಕೇಂಬ್ರಿಜ್‌ನಲ್ಲಿ ಅರ್ಥಶಾಸ್ತ್ರ ಓದಿ, ದೇವರಾಜ ಅರಸರ ಸಂಪುಟದಲ್ಲಿ ಹಣಕಾಸು ಖಾತೆ ನಿರ್ವಹಿಸಿದ ಸಂಡೂರಿನ ಎಂ.ವೈ. ಘೋರ್ಪಡೆ ಅವರು ಬಂಡೀಪುರದ ಕಾಡಿನಲ್ಲಿ ಗಂಟೆಗಟ್ಟಲೆ ಕಾದು ತೆಗೆದ ಕಪ್ಪುಬಿಳುಪು ಚಿತ್ರಗಳೂ ಹಾಗೆಯೇ. ಕಾದದ್ದು ಚಿತ್ರದಲ್ಲಿ ಕಾಣುತ್ತದೆ. 2023ರಲ್ಲಿ ಸೋನಿ ವಿಶ್ವ ಛಾಯಾಗ್ರಹಣ ಸ್ಪರ್ಧೆಯಲ್ಲಿ ಒಂದು ವಿಭಾಗದ ಪ್ರಶಸ್ತಿ ಗೆದ್ದ ಜರ್ಮನಿಯ ಬೋರಿಸ್ ಎಲ್ಡಾಗ್ಸೆನ್, ತಮ್ಮದು ಕೃತಕ ಬುದ್ಧಿಮತ್ತೆಯಿಂದ ತಯಾರಾದ ಚಿತ್ರವೆಂದು ಹೇಳಿ ಪ್ರಶಸ್ತಿಯನ್ನು ನಿರಾಕರಿಸಿದರು. ಅವರೇ ಹೇಳದಿದ್ದರೆ? ಅದೇ ವರ್ಷ ಲೈಕಾ ಕಂಪನಿ, ಚಿತ್ರ ಯಾವ ಕ್ಯಾಮೆರಾದಿಂದ ಯಾವಾಗ ಬಂತೆಂಬ ಡಿಜಿಟಲ್ ಮುದ್ರೆಯನ್ನು ಕ್ಲಿಕ್ಕಿಸುವಾಗಲೇ ಒತ್ತುವ ಕ್ಯಾಮೆರಾವನ್ನು ಮಾರುಕಟ್ಟೆಗೆ ತಂದಿತು. ನಂಬಿಕೆಯೇ ದುಬಾರಿ ಸರಕಾಗುವ ಕಾಲ ಬಂದಿದೆ.

ಈಗ ನನಗೆ ಹೆಚ್ಚು ಪರಿಚಿತವಾದ ಕ್ಷೇತ್ರ. ಆಡಳಿತದಲ್ಲಿ ಛಾಯಾಚಿತ್ರ ಒಳ್ಳೆಯದನ್ನೂ ಮಾಡಿದೆ, ಕಣ್ಣಿಗೆ ಮಣ್ಣನ್ನೂ ಎರಚಿದೆ. ಒಳ್ಳೆಯದಕ್ಕೆ ಹುಲಿ ಗಣತಿಯೇ ನಿದರ್ಶನ. ದಶಕಗಳ ಕಾಲ ನಾವು ಹೆಜ್ಜೆಗುರುತಿನಿಂದ ಹುಲಿಗಳನ್ನು ಎಣಿಸುತ್ತಿದ್ದೆವು. ಎಣಿಸುವವರೂ ಕಾಯುವವರೂ ಒಂದೇ ಇಲಾಖೆಯವರು. ಸಂಖ್ಯೆ ಏರಿದರೆ ಎಲ್ಲರಿಗೂ ಸಮಾಧಾನ. ಕರ್ನಾಟಕದ ವಿಜ್ಞಾನಿ ಕೆ. ಉಲ್ಲಾಸ ಕಾರಂತರು ಆ ಪದ್ಧತಿಯನ್ನು ಪ್ರಶ್ನಿಸಿದರು. ಹುಲಿಯ ಪಟ್ಟೆಗಳು ಮನುಷ್ಯನ ಬೆರಳಚ್ಚಿನಂತೆ, ಒಂದರಂತೆ ಇನ್ನೊಂದಿಲ್ಲ. ಕಾಡುದಾರಿಯ ಎರಡೂ ಬದಿಗೆ ಸ್ವಯಂಚಾಲಿತ ಕ್ಯಾಮೆರಾ ಇಟ್ಟು, ಒಂದೇ ಹುಲಿ ಎಷ್ಟು ಬಾರಿ ಮರಳಿ ಸಿಕ್ಕಿತೆಂಬುದರಿಂದ ಒಟ್ಟು ಸಂಖ್ಯೆಯನ್ನು ಅಂದಾಜಿಸುವ ಕ್ರಮವನ್ನು ಅವರು ನಾಗರಹೊಳೆಯಲ್ಲಿ ರೂಪಿಸಿ 1995ರಲ್ಲಿ ಪ್ರಕಟಿಸಿದರು. ಸರ್ಕಾರ ಕಿವಿಗೊಡಲು ರಾಜಸ್ಥಾನದ ಸರಿಸ್ಕಾದ ಅವಮಾನ ಬೇಕಾಯಿತು. ಅಲ್ಲಿನ ಕಡತಗಳಲ್ಲಿ ಹುಲಿಗಳಿದ್ದವು. ಕಾಡಿನಲ್ಲಿ ಒಂದೂ ಇಲ್ಲವೆಂದು 2005ರಲ್ಲಿ ಖಚಿತವಾಯಿತು. 2002ರ ಹೆಜ್ಜೆಗುರುತಿನ ಗಣತಿ ದೇಶದಲ್ಲಿ 3,642 ಹುಲಿಗಳಿವೆ ಎಂದಿತ್ತು. ಕ್ಯಾಮೆರಾ ಮತ್ತು ಸಂಖ್ಯಾಶಾಸ್ತ್ರ ಸೇರಿದ 2006ರ ಅಂದಾಜು 1,411 ಎಂದಿತು. ಎರಡು ಬೇರೆ ಅಳತೆಗೋಲುಗಳ ಅಂಕಿಗಳನ್ನು ಕಳೆದು ಲೆಕ್ಕ ಹಾಕಬಾರದು, ನಿಜ. ಆದರೆ ನಮ್ಮ ಹಳೆಯ ಲೆಕ್ಕಕ್ಕೆ ತಳವಿರಲಿಲ್ಲವೆಂಬುದು ಬಯಲಾಯಿತು. 2018ರ ಸಮೀಕ್ಷೆಯಲ್ಲಿ 26,838 ಕಡೆ ಕ್ಯಾಮೆರಾ ಇಡಲಾಗಿತ್ತು. ಸಿಕ್ಕ ಸುಮಾರು ಮೂರೂವರೆ ಕೋಟಿ ಚಿತ್ರಗಳಲ್ಲಿ ಹುಲಿ ಇದ್ದವು 76,651. 2022ರ ಸಮೀಕ್ಷೆಯಂತೆ ಕರ್ನಾಟಕದಲ್ಲಿದ್ದ ಹುಲಿಗಳು 563.

ಹುಲಿಯ ಚಿತ್ರ ನಂಬಿಕೆಗೆ ಅರ್ಹವಾದದ್ದು ಕ್ಯಾಮೆರಾದಿಂದಲ್ಲ, ಅದರ ಹಿಂದಿನ ಏರ್ಪಾಟಿನಿಂದ. ಕ್ಯಾಮೆರಾವನ್ನು ಎಲ್ಲಿಡಬೇಕೆಂಬ ನಿಯಮವಿದೆ, ಪಟ್ಟೆಗಳನ್ನು ತಾಳೆ ನೋಡುವವರಿದ್ದಾರೆ. ಏರ್ಪಾಟು ಇಲ್ಲದೆಡೆ ಏನಾಗುತ್ತದೆ ಎಂಬುದನ್ನು ನಾನು ಸೇವೆಯಲ್ಲಿದ್ದಾಗ ಕಂಡಿದ್ದೇನೆ. ತೊಂಬತ್ತರ ದಶಕದಲ್ಲಿ, ಒಂದು ಜಿಲ್ಲೆಯಲ್ಲಿ, ಮೂರು ಹಳ್ಳಿಗಳ ಚೆಕ್‌ಡ್ಯಾಂ ಕಾಮಗಾರಿಯ ಬಿಲ್ಲುಗಳು ಫೋಟೊ ಸಮೇತ ನನ್ನ ಮೇಜಿಗೆ ಬಂದವು. ಮೂರರಲ್ಲೂ ಹಿನ್ನೆಲೆಯಲ್ಲಿ ಜೋಡಿ ತಾಳೆಮರಗಳಿದ್ದವು. ಒಂದರ ಸುಳಿ ಮುರಿದಿತ್ತು. ಅದನ್ನು ಗುರುತಿಸಿ ಟಿಪ್ಪಣಿ ಬರೆದಿದ್ದವರು ದ್ವಿತೀಯ ದರ್ಜೆ ಸಹಾಯಕಿಯೊಬ್ಬರು. ನೆಗೆಟಿವ್ ತರಿಸಿದೆವು. ಮೂರೂ ಚಿತ್ರಗಳು ಒಂದೇ ಸುರುಳಿಯ ಅಕ್ಕಪಕ್ಕದ ಸಂಖ್ಯೆಗಳಲ್ಲಿದ್ದವು. ಕಟ್ಟಿದ್ದು ಒಂದೇ ಚೆಕ್‌ಡ್ಯಾಂ. ಕ್ಯಾಮೆರಾ ಮಾತ್ರ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿತ್ತು. ಆ ಸಹಾಯಕಿಯಂಥ ಕಣ್ಣುಗಳಿಗೆ ನಮ್ಮ ಆಯವ್ಯಯದಲ್ಲಿ ಶೀರ್ಷಿಕೆಯೇ ಇಲ್ಲ.

ನ್ಯಾಯಾಲಯಗಳು ಈ ವಿಷಯದಲ್ಲಿ ಆಡಳಿತಕ್ಕಿಂತ ಎಚ್ಚರವಾಗಿವೆ. ವಿದ್ಯುನ್ಮಾನ ದಾಖಲೆಯನ್ನು ಸಾಕ್ಷ್ಯವಾಗಿ ಹಾಜರುಪಡಿಸುವಾಗ ಪ್ರಮಾಣಪತ್ರ ಬೇಕೆಂಬ ನಿಯಮ ಹಳೆಯ ಸಾಕ್ಷ್ಯ ಕಾಯ್ದೆಗೆ 2000ದಲ್ಲೇ ಸೇರಿತು. ಸುಪ್ರೀಂ ಕೋರ್ಟ್ 2014ರಲ್ಲಿ ಅದನ್ನು ಬಿಗಿಗೊಳಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಅದನ್ನು ಇನ್ನಷ್ಟು ವಿವರವಾಗಿ ಹೇಳುತ್ತದೆ. ಕಳ್ಳತನದ ಮೊಕದ್ದಮೆಯಲ್ಲಿ ಒಂದು ಫೋಟೊ ಹಾಜರುಪಡಿಸಲು ಇಷ್ಟೆಲ್ಲ ಬೇಕು. ಕೋಟ್ಯಂತರ ರೂಪಾಯಿಯ ಕಾಮಗಾರಿಗೆ ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೊ ಸಾಕು.

ಗ್ರಾಮೀಣ ಉದ್ಯೋಗ ಖಾತರಿಯ ಹಾಜರಾತಿಯಲ್ಲಿ ಈ ವಿಪರ್ಯಾಸ ಪರಾಕಾಷ್ಠೆ ತಲುಪಿತು. 2023ರ ಜನವರಿ 1ರಿಂದ ಕೂಲಿಕಾರರ ಫೋಟೊವನ್ನು ದಿನಕ್ಕೆರಡು ಬಾರಿ ಮೊಬೈಲ್ ಆ್ಯಪ್‌ಗೆ ಏರಿಸುವುದು ಕಡ್ಡಾಯವಾಯಿತು. ಬೆಳಿಗ್ಗೆ ಕೆಲಸ ಮುಗಿಸಿದ ಹೆಂಗಸರು ಎರಡನೆಯ ಫೋಟೊಗಾಗಿ ಬಿಸಿಲಿನಲ್ಲಿ ಕಾದು ಕುಳಿತ ವರದಿಗಳು, ನೆಟ್‌ವರ್ಕ್ ಸಿಗದೆ ಕೂಲಿ ತಪ್ಪಿದ ವರದಿಗಳು ನಾನಾ ರಾಜ್ಯಗಳಿಂದ ಬಂದವು. ಕಳ್ಳ ಹಾಜರಾತಿಯಾದರೂ ನಿಂತಿತೇ? ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ 2025ರ ಜುಲೈನ ಸುತ್ತೋಲೆಯಲ್ಲಿ ಒಪ್ಪಿಕೊಂಡಂತೆ, ಸಂಬಂಧವಿಲ್ಲದ ಚಿತ್ರಗಳು, ಫೋಟೊದಿಂದ ತೆಗೆದ ಫೋಟೊಗಳು, ಪಟ್ಟಿಯಲ್ಲಿರುವ ಹೆಂಗಸರ ಬದಲು ಗಂಡಸರಿದ್ದ ಚಿತ್ರಗಳು ಏರಿಕೆಯಾಗಿದ್ದವು. ಪ್ರತಿಯೊಂದು ಫೋಟೊವನ್ನೂ ಪಂಚಾಯಿತಿ ಮಟ್ಟದಲ್ಲಿ ಪರಿಶೀಲಿಸಬೇಕೆಂದು ಆ ಸುತ್ತೋಲೆ ಆದೇಶಿಸಿತು.

2025ರ ಡಿಸೆಂಬರ್‌ನಲ್ಲಿ ಸಂಸತ್ತು ಆ ಕಾಯ್ದೆಯ ಜಾಗಕ್ಕೆ ಹೊಸ ಕಾಯ್ದೆಯನ್ನು ತಂದಿದೆ. ಅದರ ನಿಯಮಗಳನ್ನು ರೂಪಿಸುವವರು ಯಾವ ಆ್ಯಪ್ ಬಳಸಬೇಕೆಂದು ಚರ್ಚಿಸುವ ಮುನ್ನ ಒಂದು ಸರಳ ಲೆಕ್ಕ ಹಾಕಲಿ. ನೂರು ಜನ ಕೆಲಸ ಮಾಡುವ ಪಂಚಾಯಿತಿಯಲ್ಲಿ ದಿನಕ್ಕೆರಡು ಬಾರಿ ಅವರನ್ನು ಹಾಜರಿ ಪಟ್ಟಿಯೊಂದಿಗೆ ತಾಳೆ ನೋಡುವುದೆಂದರೆ ಇನ್ನೂರು ಮುಖಗಳನ್ನು ಗುರುತಿಸಬೇಕು. ಒಂದೊಂದು ಮುಖಕ್ಕೆ ಅರ್ಧ ನಿಮಿಷ ಹಿಡಿದರೂ ನೂರು ನಿಮಿಷಗಳ ಕೆಲಸ. ತೆರಿಗೆ ವಸೂಲಿ, ಕುಡಿಯುವ ನೀರು, ಬೀದಿದೀಪ, ಗ್ರಾಮಸಭೆಯ ನಡಾವಳಿಗಳ ನಡುವೆ ಆ ನೂರು ನಿಮಿಷಗಳನ್ನು ಯಾರು, ಯಾವ ಸಂಬಳಕ್ಕೆ ಕೊಡಬೇಕು ಎಂಬುದನ್ನು ನಾನು ಓದಿದ ಯಾವ ಸುತ್ತೋಲೆಯೂ ಹೇಳಿಲ್ಲ.